ಹೊಸಿಲು ದಾಟಿದ ಸುಳ್ಳು

ಬೇಸಿಗೆ ಬಲಿಯುವ ಮುಂಚೆ ಕುರಿಗಳ ಉಣ್ಣೆ ಕತ್ತರಿಸಿ ಮುಗಿಸಬೇಕು. ತಡವಾದರೆ ಬೆವರು ಕೂತು ಉಣ್ಣೆ ಜಿಡ್ಡುಗಟ್ಟುತ್ತದೆ, ಕತ್ತರಿಗೆ ಬಗ್ಗುವುದಿಲ್ಲ. ಕುರಿಯಕ್ಕ ಬೆಳಕು ಹರಿದಾಗಿನಿಂದ ಅಂಗಳದಲ್ಲೇ ಕೂತಿದ್ದಳು. ಕುರಿಯ ಕಾಲುಗಳನ್ನು ತೊಡೆಯ ಕೆಳಗೆ ಅದುಮಿಕೊಂಡು, ಹೊಟ್ಟೆಯಿಂದ ಬೆನ್ನಿನ ಕಡೆಗೆ ಕತ್ತರಿ ಆಡಿಸುತ್ತಿದ್ದಳು. ಬೂದು ಉಣ್ಣೆ ಹಳೆಯ ಕಂಬಳಿಯಂತೆ ಇಡಿಯಾಗಿ ಕಳಚಿ ಬೀಳುತ್ತಿತ್ತು.

ಅವಳ ಬೆನ್ನ ಹಿಂದೆ ಮಾರಾಟಕ್ಕಿಟ್ಟ ಕಲ್ಲಿನ ಮನೆ ನಿಂತಿತ್ತು. ಅವಳಜ್ಜನ ಅಜ್ಜ ಕಟ್ಟಿಸಿದ್ದು. ಗೋಡೆಯ ದಪ್ಪದಲ್ಲಿ ಒಬ್ಬ ಮನುಷ್ಯ ಅಡ್ಡ ಮಲಗಬಹುದಿತ್ತು. ಆದರೆ ಅವಳು ಹುಟ್ಟಿ ಬೆಳೆದದ್ದು, ಬಾಳಿದ್ದು ಎಲ್ಲ ಪಕ್ಕದ ತಗಡಿನ ಸೂರಿನಲ್ಲಿ. ಕಲ್ಲಿನ ಮನೆಯಲ್ಲಿ ಹುಲ್ಲು ಒಟ್ಟುತ್ತಿದ್ದರು, ಅಷ್ಟೇ. ಹುಲ್ಲು ತರಲು ಒಳಗೆ ಹೋದವರು ಬಾಯಿ ಬಿಗಿದುಕೊಂಡು ಹೋಗಿ, ಬಾಯಿ ಬಿಗಿದುಕೊಂಡೇ ಹೊರಗೆ ಬರುತ್ತಿದ್ದರು.

ಪೇಟೆಯ ದಲ್ಲಾಳಿ ಸ್ಕೂಟರ್ ನಿಲ್ಲಿಸಿ ಉಣ್ಣೆಯ ರಾಶಿಯನ್ನು ದಾಟಿಕೊಂಡು ಬಂದ. ಜನ ಅವನನ್ನು ಕರೆಯುತ್ತಿದ್ದದ್ದು ಸಕ್ಕರೆ ಎಂದು. ಸೋರುವ ಮನೆಯನ್ನು 'ಗಾಳಿ ಬೆಳಕು ಚೆನ್ನಾಗಿದೆ' ಎಂದು, ಸ್ಮಶಾನದ ಪಕ್ಕದ ಜಾಗವನ್ನು 'ಗಲಾಟೆ ಇಲ್ಲದ ನೆರೆಹೊರೆ' ಎಂದು ಮಾರಿ ದಕ್ಕಿಸಿಕೊಂಡವನು.

"ತೋರಿಸು, ಬೇಡ ಅನ್ನಲ್ಲ," ಎಂದಳು ಕುರಿಯಕ್ಕ ತಲೆಯೆತ್ತದೆ. "ಆದ್ರೆ ಹೊಸಿಲು ದಾಟಿದ ಮೇಲೆ ಸುಳ್ಳು ಹೇಳಬೇಡ. ಅಂಗಳದಲ್ಲಿ ನಿಂತು ಎಷ್ಟು ಬೇಕಾದ್ರೂ ಹೇಳ್ಕೋ."

"ಸುಳ್ಳಿಲ್ಲದೆ ಮನೆ ಮಾರು ಅಂದ್ರೆ ನೀರಿಲ್ಲದೆ ಈಜು ಅಂದ ಹಾಗಾಯ್ತಲ್ಲ ಅಕ್ಕ!"

"ನಗಬೇಡ. ಆ ಹೊಸಿಲಿಗೆ ಮಾಟ ಆಗಿದೆ. ಒಳಗೆ ಆಡಿದ ಸುಳ್ಳು ನಿಜ ಆಗ್ತದೆ. ಅದಕ್ಕೆ ಬೇಕಾದ್ದು ಆಡಿದವನ ಮನೆಯಿಂದ ಹೋಗ್ತದೆ."

"ಹೌದಾ? ಹಾಗಾದ್ರೆ ಒಳಗೆ ನಿಂತು 'ನಮ್ಮತ್ತೆ ಮೂಗಿ' ಅಂದುಬಿಡ್ಲಾ?"

ಕತ್ತರಿ ನಿಂತಿತು. "ಬಾಯಿಗೆ ಬಂದದ್ದು ಆಡಬೇಡಪ್ಪ," ಎಂದಳು ಅವಳು. ಮತ್ತೆ ಕುರಿಯ ಕಡೆ ಬಗ್ಗಿದಳು.

ಮನೆ ನೋಡಲು ಬಂದವರು ಔಷಧಿ ಅಂಗಡಿಯ ಯಜಮಾನ ಮತ್ತು ಅವನ ಹೆಂಡತಿ. ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ಆಮೇಲೆ ಪೇಟೆಯ ಮನೆಯಲ್ಲಿ ಆಕೆಗೆ ಉಸಿರು ಕಟ್ಟಿದಂತಾಗುತ್ತಿತ್ತಂತೆ. ಇದೆಲ್ಲ ಸಕ್ಕರೆಗೆ ಮೊದಲೇ ಗೊತ್ತಿತ್ತು. ಕೊಳ್ಳುವವರ ನೋವು ಎಲ್ಲಿದೆ ಎಂದು ತಿಳಿದುಕೊಳ್ಳುವುದು ಅವನ ಕಸುಬಿನ ಅರ್ಧ ಭಾಗ.

ಹೊರಗೆ ಕಣ್ಣು ಕೋರೈಸುವ ಬಿಸಿಲು. ಒಳಗೆ ಕಾಲಿಟ್ಟರೆ ಬಾವಿಯೊಳಗೆ ಇಳಿದ ಹಾಗೆ ಕತ್ತಲೆ, ತಂಪು. ಒಣಹುಲ್ಲಿನ ವಾಸನೆ, ಬಾವಲಿಗಳ ಕಮಟು. ಅದರ ಅಡಿಯಲ್ಲಿ ಇನ್ನೊಂದು ವಾಸನೆ: ಈಗ ತಾನೇ ನೀರು ಹೊಯ್ದು ಕುದಿಸಿದ ಸುಣ್ಣದ್ದು. ಗೋಡೆಗಳು ಮಾತ್ರ ಸುಣ್ಣ ಕಾಣದೆ ಕಪ್ಪಾಗಿದ್ದವು. ಅಷ್ಟು ದೊಡ್ಡ ಪಡಸಾಲೆಯಲ್ಲಿ ಮಾತು ಮಾರ್ದನಿಸಲಿಲ್ಲ. ಆಡಿದ್ದನ್ನು ಕಲ್ಲು ಹೀರಿಕೊಂಡಂತಿತ್ತು.

"ಬಾವಿ ಹೇಗೆ?" ಎಂದ ಯಜಮಾನ, ಹಿಂಬಾಗಿಲಿನಿಂದ ಇಣುಕುತ್ತ.

ಬಾವಿಯ ತಳದ ಒಣಗಲ್ಲುಗಳನ್ನು ಸಕ್ಕರೆ ಹಿಂದಿನ ದಿನವೇ ನೋಡಿದ್ದ. "ಎಂಥ ಬೇಸಿಗೆ ಬಂದ್ರೂ ಕೈಗೆ ಸಿಗೋ ಹಾಗೆ ನೀರಿರುತ್ತೆ ಸರ್."

"ತೊಲೆಗಳಿಗೆ ಗೆದ್ದಲು?"

"ಗೆದ್ದಲಾ! ಈ ಮರಕ್ಕೆ ಹಲ್ಲೂರಿದ್ರೆ ಗೆದ್ದಲಿನ ಹಲ್ಲೇ ಮುರೀಬೇಕು," ಎಂದ. ಬಾಗಿಲ ಚೌಕಟ್ಟಿನಿಂದ ಅಂಗೈಗೆ ಉದುರಿದ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಯಜಮಾನನ ಹೆಂಡತಿ ಅಷ್ಟರಲ್ಲಿ ಒಳಗೆ ನಡೆದಿದ್ದಳು. ಒಳಕೋಣೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು. "ಇಲ್ಲಿ ಮಕ್ಕಳಿದ್ರಾ?"

ಆ ಮನೆಯಲ್ಲಿ ತಲೆಮಾರುಗಳಿಂದ ತೊಟ್ಟಿಲು ತೂಗಿರಲಿಲ್ಲ. ಸಕ್ಕರೆ ದನಿ ತಗ್ಗಿಸಿದ. "ಮಕ್ಕಳ ನಗು ಈ ಮನೆ ಬಿಟ್ಟು ಹೋಗಿದ್ದೇ ಇಲ್ಲಮ್ಮ. ಇಲ್ಲಿ ವಾಸಕ್ಕೆ ಬಂದ ತಾಯಿ ಕಿವಿಗೆ ಅದು ಕೇಳ್ತಾನೇ ಇರುತ್ತೆ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ವ್ಯಾಪಾರ ಕುದುರಿತು.

ಸಂಜೆ ಸಕ್ಕರೆ ತನ್ನ ಮನೆಗೆ ಹೋದರೆ ಅವನ ಹೆಂಡತಿ ಹಿತ್ತಿಲ ಬಾವಿಯ ಕಟ್ಟೆಯ ಮೇಲೆ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದಳು. "ಬತ್ತಿಹೋಗಿದೆ ರೀ. ಬೆಳಿಗ್ಗೆ ತುಂಬಿತ್ತು."

"ಬೇಸಿಗೆ ಅಲ್ವೇನೇ," ಎಂದ ಸಕ್ಕರೆ. ವಾರ ಕಳೆಯುವುದರೊಳಗೆ ಅವನ ಮನೆಯ ಮುಂಬಾಗಿಲಿನ ಚೌಕಟ್ಟು ರಸ್ಕಿನಂತೆ ಪುಡಿಪುಡಿಯಾಯಿತು. "ಹಳೇ ಮರ," ಎಂದ. ಆದರೆ ಅಂದಿನಿಂದ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಔಷಧಿ ಅಂಗಡಿಯವರು ಕಲ್ಲಿನ ಮನೆಗೆ ವಾಸಕ್ಕೆ ಹೋದ ದಿನ ಸಕ್ಕರೆ ತನ್ನ ಪುಟ್ಟ ಮಗಳನ್ನು ಮಡಿಲಿಗೆ ಎಳೆದುಕೊಂಡು ಎಂದಿನಂತೆ ಕಪ್ಪೆಯ ಮುಖ ಮಾಡಿದ. ಅವಳ ನಗು ಬೀದಿಗೆಲ್ಲ ಗೊತ್ತು. ಉರುಳುರುಳಿ ನಕ್ಕು ಕೊನೆಗೆ ಒಂದು ಬಿಕ್ಕಳಿಕೆ ಬರಲೇಬೇಕು. ಅವಳ ಬಾಯಿ ತೆರೆಯಿತು. ಭುಜ ಕುಲುಕಿತು. ಕಣ್ಣಲ್ಲಿ ನೀರೂ ಬಂತು. ಸದ್ದು ಮಾತ್ರ ಬರಲಿಲ್ಲ.

ಡಾಕ್ಟರು ಬಾಯಿಗೆ ಟಾರ್ಚ್ ಬಿಟ್ಟು ನೋಡಿ, ಗಂಟಲು ಸರಿಯಾಗಿದೆ ಎಂದರು. ಮಾತೇನೋ ಆಡುತ್ತಿದ್ದಳು. ಮೂರನೆಯ ದಿನ ಅವಳೇ ಹೇಳಿದಳು. "ಅಪ್ಪಾ, ನಾನು ಇನ್ಮೇಲೆ ನಗಲ್ಲ. ನಕ್ಕರೆ ಸುತ್ತ ಕತ್ತಲೆ ಆಗುತ್ತೆ. ಸುಣ್ಣದ ವಾಸನೆ ಬರುತ್ತೆ."

ಅವಳು ಆ ಕಲ್ಲಿನ ಮನೆಯನ್ನು ಕಂಡವಳೇ ಅಲ್ಲ.

ಕುರಿಯಕ್ಕ ಆಗಲೇ ಮಂದೆಯನ್ನು ಹೊಸ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿದ್ದಳು. ಸಕ್ಕರೆ ಅಲ್ಲಿಗೇ ಹುಡುಕಿಕೊಂಡು ಹೋದ. ಅವನ ಮುಖ ನೋಡಿದ್ದೇ ಅವಳು ಕೈಯ ಕೋಲನ್ನು ಕೆಳಗಿಟ್ಟಳು.

"ಏನು ಹೇಳ್ದೆ ಒಳಗೆ?"

ಹೇಳಿದ. ಅವಳು ಅಲ್ಲೇ ನೆಲಕ್ಕೆ ಕೂತಳು.

"ಆ ಮನೆ ಕಟ್ಟುವಾಗ ಒಬ್ಬ ಆಳುಹುಡುಗ ಸುಣ್ಣದ ಗುಂಡಿಗೆ ಬಿದ್ದು ಸತ್ತ. ಹುಡುಕ್ಕೊಂಡು ಬಂದ ತಾಯಿಗೆ ನಮ್ಮಜ್ಜನ ಅಜ್ಜ ಪಡಸಾಲೇಲಿ ನಿಂತು, 'ನಿನ್ನ ಮಗ ನಗ್ತಾ ಮನೆಗೆ ಹೋದ' ಅಂದ. ಆಯಮ್ಮ ಮಂತ್ರ ಬಲ್ಲವಳು, ಸುಳ್ಳು ಅಂತ ಅವಳಿಗೆ ತಿಳೀತು. ಗುಂಡಿಯ ಸುಣ್ಣಕ್ಕೆ ತನ್ನ ನಾಲಿಗೆ ಕಚ್ಚಿದ ರಕ್ತ ಕಲಸಿ ಹೊಸಿಲಿಗೆ ಬಳಿದು ಹೋದ್ಲು. ಮನೆಗೆ ಹೋದ್ರೆ ಮಗ ನಗ್ತಾ ಬಾಗಿಲಲ್ಲಿ ನಿಂತಿದ್ನಂತೆ. ಗುಂಡಿಯಿಂದ ಎತ್ತಿದ ಹೆಣ ನಮ್ಮಜ್ಜನ ಅಜ್ಜನ ಮಗಂದು."

ಸಕ್ಕರೆ ಹಣೆ ಚಚ್ಚಿಕೊಂಡ. "ಗೊತ್ತಿದ್ದೂ ಅವರಿಗೆ ಮಾರಿದ್ಯಲ್ಲ ಅಕ್ಕ."

"ಅವರಿಗೂ ಎಲ್ಲ ಹೇಳೇ ಮಾರಿದ್ದು. ಅಂಗಡಿಯವನ ಹೆಂಡ್ತಿ, 'ನಾವು ಯಾರಿಗೆ ಸುಳ್ಳು ಹೇಳೋದಿದೆ' ಅಂದ್ಲು. ಹೋಗು. ಹೇಳಿದ್ದನ್ನ ವಾಪಸ್ ತಗೋಬಹುದು. ಅದೇ ಮನೆಯೊಳಗೆ ನಿಂತು, ಕೇಳಿದ ಕಿವಿಗೇ ಹೇಳ್ಬೇಕು, ಅದು ಸುಳ್ಳು ಅಂತ. ಅವರು ಕೇಳಿಸ್ಕೋಬೇಕು."

ಅವನು ತಲುಪಿದಾಗ ಮಧ್ಯಾಹ್ನ. ಯಜಮಾನ ಅಂಗಡಿಗೆ ಹೋಗಿದ್ದ. ಹಿಂದಿನ ಬಾವಿ ಅಂಚಿನವರೆಗೆ ತುಂಬಿ ಬಿಸಿಲಿಗೆ ಹೊಳೆಯುತ್ತಿತ್ತು. ಬಾಗಿಲು ತೆರೆದ ಹೆಂಗಸಿನ ಮುಖ ಅವನಿಗೆ ಗುರುತೇ ಸಿಗಲಿಲ್ಲ. ಅಷ್ಟು ಕಳೆ ಏರಿತ್ತು.

ಒಳಕೋಣೆಯ ಕತ್ತಲೆಯಲ್ಲಿ ಮಗುವೊಂದು ನಕ್ಕಿತು. ಉರುಳುರುಳಿ ನಕ್ಕಿತು. ಕೊನೆಗೆ ಒಂದು ಬಿಕ್ಕಳಿಕೆ.

ಸಕ್ಕರೆ ಹೊಸಿಲು ದಾಟಿ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಅಮ್ಮಾ, ನಾನು ಅವತ್ತು ಹೇಳಿದ್ದು..."

"ಹೇಳಬೇಡಿ," ಎಂದಳು ಆಕೆ. ಮುಖದ ಕಳೆ ಇಳಿಯಿತು.

"ಬಾವೀಲಿ ನೀರಿದೆ ಅಂದಿದ್ದು ಸುಳ್ಳು."

ಹಿತ್ತಿಲಲ್ಲಿ ಯಾರೋ ಗಟಗಟ ಕುಡಿದಂಥ ಸದ್ದು. ನೀರು ಇಳಿಯುತ್ತಿತ್ತು.

"ತೊಲೆಗೆ ಗೆದ್ದಲಿಲ್ಲ ಅಂದಿದ್ದು ಸುಳ್ಳು."

ಮೇಲಿಂದ ಪುಡಿ ಸುರಿಯಿತು. ಇಬ್ಬರ ತಲೆಯ ಮೇಲೂ ಸುರಿಯಿತು. ಆಕೆಗೆ ಅರ್ಥವಾಗಿಹೋಯಿತು. ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ಗೋಡೆಗೆ ಒರಗಿ ಕುಸಿದಳು. "ಬಾವಿ ಬೇಡ. ಮನೆ ಬೇಕಾದ್ರೂ ಬೀಳಲಿ. ಅದೊಂದು ಹೇಳಬೇಡಿ. ನಿಮ್ಮ ದಮ್ಮಯ್ಯ!" ಅವನ ಮಾತು ಕೇಳಿಸದಿರಲೆಂದು ಗಟ್ಟಿಯಾಗಿ ಚೀರತೊಡಗಿದಳು.

ಅವನು ಕೂಗಿದ. ಕೇಳಲಿಲ್ಲ. ಮತ್ತೆ ಕೂಗಿದ. ಕಲ್ಲು ನುಂಗಿತು. ಒಳಗಿನ ನಗು ಸಣ್ಣಗಾಗುತ್ತಿತ್ತೋ, ಹತ್ತಿರವಾಗುತ್ತಿತ್ತೋ. ಮೊಣಕಾಲೂರಿ ಆಕೆಯ ಒಂದು ಕೈಯನ್ನು ಮೆಲ್ಲಗೆ ಸರಿಸಿದ. ಎಷ್ಟೋ ಗಿರಾಕಿಗಳನ್ನು ಸಮಾಧಾನ ಮಾಡಿ ಅಭ್ಯಾಸವಾಗಿದ್ದ ಬಾಯಿ. ಅದು ತಾನಾಗಿಯೇ ತಗ್ಗಿದ ದನಿಯಲ್ಲಿ ಆಡಿಬಿಟ್ಟಿತು.

"ಅಳಬೇಡಿ ಅಮ್ಮ. ನಿಮ್ಮ ಮಗಳು ಎಲ್ಲೂ ಹೋಗಿಲ್ಲ. ಇಲ್ಲೇ ಇದ್ದಾಳೆ."

ನಗು ನಿಂತಿತು.

ಸುಣ್ಣದ ವಾಸನೆ ಮೂಗು ಸುಡುವಂತೆ ಎದ್ದಿತು. ಒಳಕೋಣೆಯಿಂದ ಪುಟ್ಟ ಹೆಜ್ಜೆಗಳು. ಬರಿಗಾಲು. ಕಲ್ಲಿನ ಮೇಲೆ ಒದ್ದೆ ಸದ್ದು. ಬಾಗಿಲಿಗೆ ಬಂದು ನಿಂತ ಮಗುವಿನ ಮುಖ ಅವನು ಎಂದೂ ಕಂಡದ್ದಲ್ಲ. ಮೈಮೇಲಿನ ಹಳದಿ ಫ್ರಾಕ್ ಮಾತ್ರ ಅವನೇ ತನ್ನ ಮಗಳಿಗೆ ಕೊಡಿಸಿದ್ದು. ಬೆರಳುಗಳಿಗೆ ಅನ್ನದ ಅಗುಳು ಅಂಟಿತ್ತು.

"ಅಮ್ಮಾ," ಎಂದಿತು ಮಗು.

"ಸುಳ್ಳು!" ಎಂದು ಅವನು ಕಿರುಚುವಷ್ಟರಲ್ಲಿ ಆಕೆ ಎದ್ದಿದ್ದಳು. ಮಗುವನ್ನು ಸೊಂಟಕ್ಕೆ ಎತ್ತಿಕೊಂಡಿದ್ದಳು. ಹೊಸಿಲು ದಾಟಿದ್ದಳು. ಬಾಗಿಲು ಬಡಿಯಿತು. ಹೊರಗಿನ ಚಿಲಕ ಬಿತ್ತು.

ಅವನು ಬಾಗಿಲು ಗುದ್ದಿದ. "ಅದು ಸುಳ್ಳು! ನಾನು ಹೇಳಿದ್ದು ಸುಳ್ಳು! ಕೇಳಿಸ್ಕೊಳ್ಳಿ ಅಮ್ಮಾ!" ಕೇಳಬೇಕಾದ ಕಿವಿ ಅಂಗಳ ದಾಟಿ ಓಡುತ್ತಿತ್ತು.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿ.

"ರೀ, ಪಾಪು ಕಾಣ್ತಿಲ್ಲ ರೀ. ಇಲ್ಲೇ ಕೂತು ಊಟ ಮಾಡ್ತಿದ್ಲು. ತಟ್ಟೆ ಇದೆ, ಅವಳಿಲ್ಲ. ನಿಮ್ಮ ಹತ್ರ ಬಂದಿದ್ದಾಳಾ? ಇದ್ದಾಳೆ ಅನ್ನಿ ರೀ. ನನ್ನ ಎದೆ ಒಡೆದುಹೋಗ್ತಿದೆ. ಇದ್ದಾಳೆ ಅಂತ ಒಂದು ಮಾತು ಹೇಳಿ."

ಕತ್ತಲೆಯಲ್ಲಿ ಗೋಡೆಗಳು ಕಾಯುತ್ತಿದ್ದವು. ಇದ್ದಾಳೆ ಎಂದರೆ ಸಾಕು. ಮಗಳು ಈ ಕ್ಷಣ ಬಂದು ಅವನ ಕೈ ಹಿಡಿಯುತ್ತಿದ್ದಳು. ಅದಕ್ಕೆ ಬೇಕಾದ್ದು ಮತ್ತೆ ಅವನ ಮನೆಯಿಂದಲೇ ಹೋಗಬೇಕು. ಆ ಮನೆಯಲ್ಲಿ ಈಗ ಉಳಿದಿದ್ದವಳು ಫೋನಿನಲ್ಲಿ ಅಳುತ್ತಿದ್ದವಳೊಬ್ಬಳೇ.

"ಹೇಳಿ ರೀ," ಎಂದಳು ಅವಳು.

ಸಕ್ಕರೆ ಬಾಗಿಲಿಗೆ ಹಣೆಯೊತ್ತಿ ನಿಂತ.

"ಇಲ್ಲ ಕಣೇ," ಎಂದ. "ನನ್ನ ಹತ್ರ ಇಲ್ಲ."