ಬಾಣಂತಿ ಮರಕ್ಕೆ ಕಟ್ಟಿದ ಬಲೆ

"ಮುಟ್ಬ್ಯಾಡ!"

ಗಗನಳ ಕೂಗಿಗೆ ಯತೀಶ್ ಚಾಚಿದ ಕೈ ಹಿಂದಕ್ಕೆಳೆದುಕೊಂಡ. ತಮ್ಮ ಮನೆ ಮುಂದಿನ ಹುಣಸೆಮರದ ಬುಡದಲ್ಲಿ ಅವಳು ಕುಳಿತಿದ್ದಳು. ಮಡಿಲಲ್ಲಿ ಸತ್ತ ಹೆಜ್ಜಾರ್ಲೆ ಹಕ್ಕಿ. ಬಲೆಗೆ ಬಿದ್ದ ಮರಿಯ ಹತ್ತಿರ ಇಳಿದ ತಾಯಿಹಕ್ಕಿ ತಾನೇ ಸಿಕ್ಕಿಕೊಂಡಿತ್ತು. ಅದರ ಕುತ್ತಿಗೆಗೆ ಸುತ್ತಿದ್ದ ನೈಲಾನ್ ಎಳೆಯನ್ನು ಗಗನ ಇನ್ನೂ ಬಿಡಿಸುತ್ತಲೇ ಇದ್ದಳು... ಬಿಡಿಸಿದರೆ ಎದ್ದೀತು ಎಂಬಂತೆ!

ಕೊಕ್ಕರೆ ಬೆಳ್ಳೂರಿಗೆ ಈ ಹಕ್ಕಿಗಳೆಂದರೆ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಗೂಡಿರುವಷ್ಟು ದಿನ ಆ ಮರದ ಹುಣಸೆಹಣ್ಣನ್ನೂ ಬಡಿಯುವುದಿಲ್ಲ. ಅಂಥ ಮರಕ್ಕೆ, ಗೂಡಿಂದ ಬೀಳುವ ಮರಿಗಳನ್ನು ಹಿಡಿಯಲೆಂದು, ನೆದರ್ಲೆಂಡ್ಸ್‌ನ ಒಂದು ಹಳ್ಳಿಯವರು ಬಲೆ ಕಳಿಸಿದ್ದರು. ಅವರ ಊರಲ್ಲೂ ಕೊಕ್ಕರೆಗಳು ಗೂಡು ಕಟ್ಟುತ್ತವಂತೆ. ಅವರ ಸಂಬಳಕ್ಕೆ ಎರಡೂ ಊರಿಗೆ ನಂಟು ಬೆಸೆಯುವ ಕೆಲಸ ಪಕ್ಕದ ಕೊಪ್ಪದ ಯತೀಶನದು. ಅವನಿಗೂ ಗಗನಳಿಗೂ ನಂಟು ಬೆಳೆದದ್ದು ಇದೇ ಮರದ ಕೆಳಗೆ.

"ಬಾಣಂತಿ ಇರೋ ಮನೇಗೆ ಯಾರಾದ್ರೂ ಬಲೆ ಕಟ್ತಾರಾ ಅಂತ ಅವ್ವ ಅವತ್ತೇ ಯೋಳಿರ್ಲಿಲ್ವಾ? ನೀನೇ ಅದ್ನ ಅವ್ರಿಗೆ ಇಂಗ್ಲೀಸಲ್ಲಿ ಯೋಳ್ದೆ. ಆದ್ರೂವೆ ನಾವು ಮಳವಳ್ಳಿಗೆ ಓಗಿರೋ ಒತ್ನಲ್ಲಿ ಕಟ್ಸವ್ರೆ! ಆ ಪರದೇಸದೋರ್ಗೆ ಕರುಳೇ ಇಲ್ವಾ?"

ಯತೀಶ್ ಒಳಗೇ ಲೆಕ್ಕ ಹಾಕಿದ. 'ಇವಳ ಸಿಟ್ಟೆಲ್ಲ ಅವರ ಮೇಲೆ... ಸುಮ್ಮನಿದ್ದುಬಿಟ್ಟರೆ ಇವಳು ನನ್ನವಳೇ.'

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ವಿಡಿಯೊ ಕಾಲ್. ಕಟ್ಟಿದ ಬಲೆ ನೋಡಲು ಕಾದಿದ್ದ ಆ ಹಳ್ಳಿಯ ಹೆಂಗಸು ಮರೈಕೆ.

"ಎತ್ತು! ನಾನೇ ಉಗೀತೀನಿ."

ಎತ್ತಿದ. ಗಗನಳ ಮಡಿಲು ಕಂಡದ್ದೇ ಮರೈಕೆಯ ಮುಖದ ನಗು ಆರಿತು. ಯತೀಶ್ ಇಂಗ್ಲಿಷಿನಲ್ಲಿ ತಡವರಿಸುತ್ತ ಏನೋ ಹೇಳಿದ. ಆಮೇಲೆ, ಉಗಿಯಲು ಬಾಯಿ ತೆರೆದ ಗಗನಳನ್ನು ತಡೆದು ಅವಳ ಕಡೆ ತಿರುಗಿದ.

"ನಿಮ್ಮವ್ವ ಬ್ಯಾಡ ಅಂದದ್ನ ಇವ್ರಿಗೆ ನಾನು ಯೋಳ್ಲೇ ಇಲ್ಲ ಕಣಮ್ಮಿ. ಒಪ್ಪವ್ರೆ ಅಂದ್ಬುಟ್ಟೆ. ಬಲೆ ಕಟ್ಸಿದ್ದೂ ನಾನೇ."

"ಯಾಕ್ಲಾ...?"

"ಬ್ಯಾಡ ಅಂದ್ರೆ ಬೇರೆ ಊರ್ಗೆ ಓಯ್ತಾರೆ, ನನ್ನ ಕೆಲ್ಸ ಓಯ್ತದೆ ಅಂತ. ಕೆಲ್ಸ ಇಲ್ದೋನ್ಗೆ ಮಗ್ಳು ಕೊಡಕಿಲ್ಲ ಅಂದಿದ್ರಲ್ಲ ನಿಮ್ಮವ್ವ... ಒಂದು ಮರಿ ಉಳುದ್ರೆ ಅವ್ರೂ ಒಪ್ಕೋತಾರೆ ಅನ್ಕಂಡೆ."

ಮರೈಕೆ ಕಣ್ಣೊರೆಸಿಕೊಂಡು ಏನೋ ಹೇಳಿದಳು.

"ಏನಂತೆ?"

"ಒಂದ್ಮಾತು ಯೋಳಿದ್ರೆ ಬಲೆ ಕಳುಸ್ತಾನೇ ಇರ್ಲಿಲ್ವಂತೆ. ನಿಮ್ಮೂರ್ನ ಕೈ ಬುಡ್ತಾನೂ ಇರ್ಲಿಲ್ವಂತೆ."

ಒಂದೇ ಒಂದು ಮಾತು! ಅದಕ್ಕೆ ಇವನು ಹೆದರಿದ್ದಕ್ಕೆ ಒಂದು ಬಾಣಂತಿಯ ಜೀವ ಹೋಗಿತ್ತು. ಗಗನ ಬಿಕ್ಕಿ ಬಿಕ್ಕಿ ಅತ್ತಳು. ಹಕ್ಕಿಗಾಗಿಯೋ, ಇವನಿಗಾಗಿಯೋ, ಅವಳಿಗೇ ತಿಳಿಯಲಿಲ್ಲ.

ಸಂಜೆಯೊಳಗೆ ಯತೀಶ್ ಬಲೆಯನ್ನೆಲ್ಲ ತಾನೇ ಬಿಚ್ಚಿದ. ಹಕ್ಕಿಯನ್ನು ಮರದ ಬುಡದಲ್ಲೇ ಮಣ್ಣು ಮಾಡಿದರು. ಗಗನಳ ಅವ್ವ ಇಂದ್ರಮ್ಮ ಬಂದು ಅರಿಶಿನ ಕುಂಕುಮ ಹಾಕಿದಳು. ಅವನ ಮುಖವನ್ನೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಲೆಯಿಂದ ಬಿಡಿಸಿದ ತಬ್ಬಲಿ ಮರಿ ಬುಟ್ಟಿಯೊಳಗೆ ಕೊಕ್ಕು ತೆರೆದು ಅರಚುತ್ತಿತ್ತು.

"ಓಯ್ತೀನಿ ಗಗನ. ಇನ್ನು ಈ ಕಡೆ ಬರಕಿಲ್ಲ."

"ಅಂಗೆ ಓಡೋಗ್ಬುಟ್ರೆ ಈ ಮರಿಗೆ ಮೀನು ಯಾರು ತತ್ತಾರೆ?"

ಅವನು ತಿರುಗಿ ನೋಡಿದ.

"ನಿನ್ನ ಕಂಡ್ರೆ ಮೈಯೆಲ್ಲ ಉರೀತದೆ. ಕಾಣ್ದೆ ಇದ್ರೂ ಇರಕಾಗಕಿಲ್ಲ... ಏನ್ ಮಾಡ್ಲಿ ಯೋಳು!"

"ನಾಳೆ ಮೀನು ತತ್ತೀನಿ. ನಿಮ್ಮವ್ವ ಬಾಗ್ಲು ತಗೀತಾರಾ?"

"ಅವ್ವ ತಗಿಯಕಿಲ್ಲ." ಗಗನ ಬುಟ್ಟಿಯನ್ನು ಎತ್ತಿಕೊಂಡಳು. "ನಾನು ತಗೀತೀನಿ, ಬಾ."