ಹೊರೆಕಲ್ಲಿನ ಕಾವಲು

“ಮುಟ್ಟಬೇಡ ಅಮ್ಮ! ಅದು ಈಗ ಇತಿಹಾಸ!”

ಕಿನ್ನಿ ಎರಡೂ ಕೈ ಅಗಲಿಸಿ ಹೊರೆಕಲ್ಲಿಗೆ ಅಡ್ಡ ನಿಂತಳು. ಎದುರಿಗೆ ಅವಳ ಅಮ್ಮ ಸುಂದರಿ. ಅಮ್ಮನ ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ದೊಡ್ಡದೊಂದು ಕೆಂಪುಕಲ್ಲು.

“ಎಂತ ಇತಿಹಾಸ? ನನ್ನ ಕುತ್ತಿಗೆ ಮುರಿತಾ ಉಂಟು. ಆಚೆ ಸರಿ.”

“ಬೋರ್ಡು ಹಾಕಿದ್ದಾರೆ, ನೋಡು.”

“ತಲೆ ಮೇಲೆ ಕಲ್ಲು ಇಟ್ಟುಕೊಂಡು ನೋಡುವುದು ಹೇಗೆ? ನೀನೇ ಓದು.”

ಕಿನ್ನಿ ತಗಡಿನ ಬೋರ್ಡನ್ನು ಗಟ್ಟಿಯಾಗಿ ಓದಿದಳು: “ಹಿಂದಿನ ಕಾಲದಲ್ಲಿ ಜನರು ಹೊರೆಕಲ್ಲಿನ ಮೇಲೆ ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದರು. ಹೊರೆಕಲ್ಲನ್ನು ಯಾರೂ ಮುಟ್ಟಕೂಡದು.”

“ಹಿಂದಿನ ಕಾಲವಾ?” ಕಲ್ಲು ಹೊತ್ತು ಹಿಂದೆ ನಿಂತಿದ್ದ ಅಪ್ಪಿಯಕ್ಕ ಕೇಳಿದಳು. “ನಾನು ನಿನ್ನೆ ಸಂಜೆ ಇಳಿಸಿದ್ದೇನಲ್ಲ ಮಾರಾಯ್ತಿ!”

ಪುತ್ತಿಗೆಯ ಆ ಗುಡ್ಡದ ಮೇಲೆ ಕೆಂಪುಕಲ್ಲು ಕಡಿದು ತೆಗೆಯುವ ಕೋರೆ ಇತ್ತು. ಲಾರಿ ಮೇಲಕ್ಕೆ ಹತ್ತುತ್ತಿರಲಿಲ್ಲ. ಹೆಂಗಸರು ಕಲ್ಲು ಹೊತ್ತು ರಸ್ತೆಯವರೆಗೂ ಇಳಿಯಬೇಕಿತ್ತು. ಅವರಿಗಾಗಿಯೇ ಯಾರೋ ನಡುದಾರಿಯಲ್ಲಿ ಎರಡು ಕಂಬ ನೆಟ್ಟು, ಮೇಲೊಂದು ಅಡ್ಡಗಲ್ಲು ಇಟ್ಟಿದ್ದರು. ಅದು ಸರಿಯಾಗಿ ತಲೆಯೆತ್ತರ. ಹೊರೆಯನ್ನು ಅದರ ಮೇಲೆ ಸರಿಸಬಹುದು, ದಣಿವಾರಿದ ಮೇಲೆ ತಿರುಗಿ ತಲೆಗೆ ಎಳೆದುಕೊಳ್ಳಬಹುದು. ಯಾರ ಸಹಾಯವೂ ಬೇಡ.

ಆ ದಿನ ಬೆಳಿಗ್ಗೆ ಸರಕಾರಿ ಕಚೇರಿಯ ಗುಮಾಸ್ತ ಶಿವಸುಬ್ರಹ್ಮಣ್ಯರು ಬಂದು ಅದಕ್ಕೆ ಬೋರ್ಡು ತೂಗುಹಾಕಿದ್ದರು. ಶನಿವಾರ ಮದ್ರಾಸಿನಿಂದ ಪ್ರಾಚ್ಯವಸ್ತು ಇಲಾಖೆಯ ದೊಡ್ಡ ಸಾಹೇಬರು ನೋಡಲು ಬರುತ್ತಾರಂತೆ. ಅಲ್ಲಿಯವರೆಗೆ ಕಾವಲಿಗೆ ಓದುಬರಹ ಬಲ್ಲವರು ಬೇಕು. ಶಾಲೆಯ ಮೊರಿಸ್ ಮಾಸ್ಟ್ರು ಐದನೇ ಕ್ಲಾಸಿನ ಕಿನ್ನಿಯ ಹೆಸರು ಹೇಳಿದ್ದರು. ಹೇಗೂ ದಸರಾ ರಜೆ. ಗುಮಾಸ್ತರು ಅವಳ ಅಂಗಿಗೆ ಕಾಗದದ ಬ್ಯಾಜು ಚುಚ್ಚಿ, “ಒಂದು ಗೀರೂ ಬೀಳದಿದ್ದರೆ ನಿನಗೆ ಫೌಂಟನ್ ಪೆನ್ನು,” ಎಂದಿದ್ದರು.

ಫೌಂಟನ್ ಪೆನ್ನು! ಮೊರಿಸ್ ಮಾಸ್ಟ್ರ ಹತ್ತಿರವೂ ಒಂದೇ ಇದ್ದದ್ದು.

“ನೆಲಕ್ಕೆ ಇಳಿಸಮ್ಮ,” ಎಂದಳು ಕಿನ್ನಿ.

“ಆಮೇಲೆ ತಲೆಗೆ ಎತ್ತಿ ಕೊಡುವುದು ಯಾರು? ನಿನ್ನ ಗುಮಾಸ್ತರಾ?”

ಅಮ್ಮ ನಿಲ್ಲದೆ ಇಳಿದು ಹೋದಳು.

ಸಂಜೆ ಗಂಜಿ ಉಣ್ಣುವಾಗ ಉಪ್ಪಿನಕಾಯಿ ಭರಣಿ ಅಮ್ಮನ ಪಕ್ಕದಲ್ಲೇ ಇತ್ತು. ಅದನ್ನು ತೆಗೆಯಲು ಅವಳು ಇಡೀ ಮೈಯನ್ನೇ ತಿರುಗಿಸಿದಳು.

“ಕುತ್ತಿಗೆಗೆ ಎಂತ ಆಯಿತಮ್ಮ?”

“ಅದೂ ಇತಿಹಾಸ ಆಯಿತು. ಮುಟ್ಟಬೇಡ.”

ಕಿನ್ನಿಗೆ ಫಕ್ಕನೆ ನಗು ಬಂತು. ಆಮೇಲೆ ಅವಳು ಭರಣಿಯನ್ನು ಅಮ್ಮನ ಎದುರಿಗೆ ಸರಿಸಿಟ್ಟಳು.

ಮರುದಿನ ಗುಮಾಸ್ತರಿಗೆ ಹೊಸ ಚಿಂತೆ ಹತ್ತಿತು. ಬೋರ್ಡಿನಿಂದಾಗಿ ಕಲ್ಲೇ ಕಾಣುವುದಿಲ್ಲ! ಬೋರ್ಡಿಗೆ ಪಕ್ಕದಲ್ಲಿ ಬೇರೆ ಕಲ್ಲಿನ ಕಂಬ ಕಟ್ಟಬೇಕು. ಅದಕ್ಕೆ ಕೋರೆಯ ಕಲ್ಲುಕುಟಿಗ ಕುಂಞ ಮಾವನನ್ನು ಕರೆಸಿದರು.

“ಎಷ್ಟು ಎತ್ತರ ಬೇಕು ಸ್ವಾಮಿ?”

“ಬೋರ್ಡು ಕಾಣಬೇಕು, ಅಷ್ಟೇ,” ಎಂದ ಗುಮಾಸ್ತರು ಬಸ್ಸು ಹಿಡಿಯಲು ಓಡಿದರು.

ಕುಂಞ ಮಾವ ತಲೆ ಕೆರೆದುಕೊಂಡ. “ಕಾಣುವುದಕ್ಕೆ ಅಳತೆ ಉಂಟಾ? ನೀನೇ ಹೇಳು ಕಾವಲುಗಾರ್ತಿ.”

ಕಿನ್ನಿ ಹೊರೆಕಲ್ಲನ್ನು ನೋಡಿದಳು. ಆಗಲೇ ಅಮ್ಮ ಏರಿನಿಂದ ಇಳಿದು ಬರುತ್ತಿದ್ದಳು. ಕುತ್ತಿಗೆ ಕೋಲಿನಂತೆ ನೆಟ್ಟಗಿತ್ತು.

“ಅಮ್ಮ, ಒಂದು ನಿಮಿಷ ಇಲ್ಲಿ ನಿಲ್ಲು.”

“ಇನ್ನೆಂತ? ನನಗೂ ಬೋರ್ಡು ಹಾಕ್ತೀಯಾ?”

ಕಿನ್ನಿ ಕುಂಞ ಮಾವನ ಕಡೆ ತಿರುಗಿದಳು. ಅಮ್ಮನ ಕಾಲಿನಿಂದ ಸಿಂಬೆಯವರೆಗೆ ಬೆರಳು ತೋರಿಸಿದಳು. ಕುಂಞ ಮಾವ ಹಗ್ಗ ಹಿಡಿದು ಅಳೆದ.

“ಮೇಲೆ ಚಪ್ಪಟೆ ಇರಲಿ ಮಾವ. ಸ್ವಲ್ಪ ಅಗಲವೂ ಇರಲಿ.”

ಕುಂಞ ಮಾವ ಎಲೆಯಡಿಕೆ ಬಾಯಲ್ಲಿ ನಕ್ಕ. ಎರಡೇ ದಿನದಲ್ಲಿ ಕಂಬ ಎದ್ದಿತು, ಬೋರ್ಡು ಅದರ ಮೈಗೆ ಬಂತು.

ಶನಿವಾರ ದೊಡ್ಡ ಸಾಹೇಬರು ಬಂದರು. ಹಿಂದೆ ಟ್ರಂಕು ಹೊತ್ತ ಆಳು. ಸಾಹೇಬರು ಹೊರೆಕಲ್ಲಿಗೆ ಮೂರು ಸುತ್ತು ಬಂದು, “ಒಂದು ಗೀರೂ ಇಲ್ಲ!” ಎಂದರು.

ಆಮೇಲೆ ಕಂಬದ ಕಡೆ ತಿರುಗಿದರು. ಅದರ ಮೇಲೆ ಅಮ್ಮನ ಕಲ್ಲು ಕೂತಿತ್ತು. ಅಮ್ಮ ಸೆರಗಿನಿಂದ ಮುಖ ಒರೆಸುತ್ತಿದ್ದಳು. ಅಪ್ಪಿಯಕ್ಕ ತನ್ನ ಸರದಿಗೆ ಕಾಯುತ್ತಿದ್ದಳು.

“ಇವರು ಏನು ಮಾಡುತ್ತಿದ್ದಾರೆ?”

ಕಿನ್ನಿ ಬ್ಯಾಜನ್ನು ಅಂಗೈಯಿಂದ ಮುಚ್ಚಿಕೊಂಡಳು. ಪೆನ್ನು ಹೋಯಿತು. ಕಂಬವನ್ನೂ ಕೆಡವಿಸಿದರೆ?

ಗುಮಾಸ್ತರು ಬೆವತು ಹೋದರು. “ಅದು ಸಾರ್... ಹಿಂದಿನ ಕಾಲದವರು ಹೇಗೆ ದಣಿವಾರಿಸಿಕೊಳ್ಳುತ್ತಿದ್ದರು ಎಂದು ಮಾಡಿ ತೋರಿಸುತ್ತಿದ್ದಾರೆ.”

“ಭೇಷ್!” ಸಾಹೇಬರು ಚಪ್ಪಾಳೆ ತಟ್ಟಿದರು. “ನಿಜವಾಗಿ ದಣಿದವರ ಹಾಗೆಯೇ ಕಾಣುತ್ತಾರೆ! ಈ ಕಂಬ ಇಲ್ಲೇ ಇರಲಿ. ದಿನಾ ತೋರಿಸಲಿ.”

“ಅಕ್ಕ, ನನಗೂ ಚೂರು ಜಾಗ ಬಿಡಿ,” ಎಂದು ಆಳು ಸಾಹೇಬರ ಟ್ರಂಕನ್ನು ಕಂಬದ ಮೇಲೆ ಸರಿಸಿದ.

ಪೆನ್ನು ಕಿನ್ನಿಯ ಕೈಗೆ ಬಂತು. ಆದರೆ ಅವಳು ಇನ್ನೂ ಅದರ ಮುಚ್ಚಳ ತೆಗೆದಿರಲಿಲ್ಲ. ಅವಳ ಕಣ್ಣು ಅಮ್ಮನ ಮೇಲಿತ್ತು.

“ಕಿನ್ನೀ,” ಎಂದು ಅಮ್ಮ ಕರೆದಳು. ಈ ಸಲ ಮೈ ತಿರುಗಿಸಲಿಲ್ಲ. ಕುತ್ತಿಗೆ ಮಾತ್ರ ತಿರುಗಿಸಿದಳು.

ಕಿನ್ನಿ ಬ್ಯಾಜು ಬಿಚ್ಚಿ ಜೇಬಿಗೆ ಹಾಕಿಕೊಂಡು ಅವಳ ಹತ್ತಿರ ಓಡಿದಳು.