ಒಡೆದದ್ದು ನನ್ನ ಹೂಜಿ

"ಆ ಹೂಜಿ ಕೆಳಗಿಡ್ರೀ!"

ಅವನು ಇಡಲಿಲ್ಲ. ಎರಡೂ ಕೈಯಲ್ಲಿ ಅದನ್ನೆತ್ತಿ, ತಳವನ್ನು ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದ. ನೋಡಿದವರು ಹೂಜಿಗೂ ಅವನಿಗೂ ಹಳೆಯ ಸಂಬಂಧವೆಂದು ತಿಳಿಯಬೇಕು, ಹಾಗೆ!

"ತಣ್ಣಗಿದೆ," ಎಂದ. "ತಳದ ಮಣ್ಣಲ್ಲಿ ಇನ್ನೂ ನೀರಿದೆ, ಹೀಗೇ ಸುಟ್ರೆ ಸಿಡಿಯುತ್ತೆ. ಪೂರ್ತಿ ಒಣಗಿದ ಮಣ್ಣು ಕೆನ್ನೆಗೆ ಹೀಗೆ ತಣ್ಣಗೆ ತಾಗಲ್ಲ."

"ನನಗೆ ಮಣ್ಣಿನ ಪಾಠ ಬೇಡ. ಯಾರು ನೀವು?"

"ಇವತ್ತಿಂದ ಇಲ್ಲೇ ಕೆಲಸ. ನಿಮ್ಮ ದೊಡ್ಡಮ್ಮ ಬರೋಕೆ ಹೇಳಿದ್ರು. ಸುಡೋಕೆ ಅಂತ ಮನೇಲಿ ಮಾಡಿದ ಬಟ್ಟಲುಗಳನ್ನೂ ತಂದಿದ್ದೀನಿ."

ದೊಡ್ಡಮ್ಮನದೇ ಈ ಮಣ್ಣಿನ ಪಾತ್ರೆಗಳ ಸ್ಟುಡಿಯೋ. ನಲವತ್ತು ವರ್ಷ ಚಕ್ರದ ಮುಂದೆ ಕೂತು ಆಕೆಯ ಮಣಿಕಟ್ಟುಗಳು ಸೋತಿದ್ದವು. ಒಂದು ವಾರ ಮಗಳ ಮನೆಗೆ ಹೊರಟಾಗ ಹೇಳಿದ್ದಳು: "ಪುಟ್ಟಿ, ನಾನು ಬರೋ ಹೊತ್ತಿಗೆ ಒಂದು ಗೂಡು ಮಡಕೆ ನೀನೇ ತುಂಬಿ, ನೀನೇ ಸುಡು. ಒಂದೂ ಒಡೆಯದಿದ್ರೆ ಈ ಸ್ಟುಡಿಯೋ ಕೀಲಿಕೈ ನಿಂದು."

ಇಪ್ಪತ್ತೆಂಟು ವರ್ಷದ ಪುಟ್ಟಿ ಆರು ವರ್ಷ ಇಲ್ಲಿ ಮಣ್ಣು ನಾದಿದ್ದಳು, ನೆಲ ಒರೆಸಿದ್ದಳು, ಇನ್ನೊಬ್ಬರು ಬೆಂಕಿ ಹಚ್ಚುವುದನ್ನು ನೋಡುತ್ತ ನಿಂತಿದ್ದಳು. ಆ ಕೀಲಿಕೈ ಸೊಂಟಕ್ಕೆ ಬಂದ ದಿನ ತಾನು ಯಾರದೋ ತಂಗಿಯ ಮಗಳಲ್ಲ... ಕುಂಬಾರಗಿತ್ತಿ! ದೊಡ್ಡಮ್ಮನ ಕಣ್ಣು ತುಂಬಲೆಂದೇ ಆ ದೊಡ್ಡ ಹೂಜಿ ಮಾಡಿದ್ದಳು. ಅದನ್ನು ಮಾಡಿ ಆಗಿದ್ದು ಮೂರೇ ದಿನ.

ಅವಳು ಹೂಜಿ ಕಿತ್ತುಕೊಂಡಳು. ಬೀರುವಿನಷ್ಟಿದ್ದ ಗ್ಯಾಸಿನ ಗೂಡಿನ ನಡುಹಲಗೆಯ ಮೇಲೆ ಇಟ್ಟೇಬಿಟ್ಟಳು.

"ಹೂಜಿ ನಂದು, ಗೂಡು ನಂದು, ನಾಳೆ ಹಚ್ಚೋ ಬೆಂಕಿಯೂ ನಂದು! ಇನ್ನೇನಾದ್ರೂ ಇದೆಯಾ?"

"ಇಲ್ಲ," ಎಂದ. ತನ್ನ ಬಟ್ಟಲುಗಳನ್ನು ಹೂಜಿಯ ಸುತ್ತ ಜೋಡಿಸಿದ. ಭಾರದ ಬಾಗಿಲು ಅವಳೊಬ್ಬಳಿಗೆ ಜಗ್ಗದಿದ್ದಾಗ ತಾನೂ ಹೆಗಲು ಕೊಟ್ಟ.

ಮರುದಿನ ಬೆಳಿಗ್ಗೆ ಸಣ್ಣ ಉರಿ ಹಚ್ಚಿ ಎರಡು ಗಂಟೆಯಾದ ಮೇಲೆ ಗೂಡಿನ ಇಣುಕುಕಿಂಡಿಗೆ ಪುಟ್ಟ ಕನ್ನಡಿ ಹಿಡಿದಳು. ಕನ್ನಡಿ ಮಸುಕಾಯಿತು. ಒಳಗಿಂದ ಹಬೆ ಬರುತ್ತಿದೆ, ಉರಿ ಏರಿಸಬಾರದು ಎಂದು ಅರ್ಥ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ತಿರುಗಿ ನೋಡಿದರೆ ಅವನು ನಿಂತಿದ್ದ. ಸುಮ್ಮನೆ ಕನ್ನಡಿ ನೋಡುತ್ತಿದ್ದ.

ಅದೊಂದೇ ಕಾರಣಕ್ಕೆ... ಅವಳು ಕನ್ನಡಿಯನ್ನು ಏಪ್ರನ್ನಿಗೆ ಒರೆಸಿ, ಗ್ಯಾಸ್ ಏರಿಸಿದಳು.

ಇಪ್ಪತ್ತು ನಿಮಿಷ.

ಢಬ್!

ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆ ಹಿಡಿದು ಹೊರಗಿನವರು ಯಾರೂ ಬಂದಿರಲಿಲ್ಲ.

ಗೂಡು ಆರಿ, ಬಾಗಿಲು ತೆಗೆಯುವ ಹೊತ್ತಿಗೆ ದೊಡ್ಡಮ್ಮ ಮಗಳ ಮನೆಯಿಂದ ಮರಳಿ ಎದುರಿಗೇ ನಿಂತಿದ್ದಳು. ನಡುಹಲಗೆಯ ತುಂಬ ಚೂರು. ಜೊತೆಗೆ ಅವನ ಹನ್ನೊಂದು ಬಟ್ಟಲುಗಳೂ ಹೋಗಿದ್ದವು. ಮಣ್ಣು ಇಬ್ಬರದೂ ಒಂದೇ ಅಂಗಡಿಯದು. ಚೂರುಗಳಿಗೆ ಹೆಸರಿರುವುದಿಲ್ಲ.

"ಹಸಿಯಾಗಿದ್ದಿದ್ದು ಯಾರದು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೆಂದ: "ಆ ಹೂಜಿ ನಂದು. ಇವರು ಬೇಡ ಅಂದ್ರು. ಇವರು ಆಚೆ ಹೋದಾಗ ನಾನೇ ಒಳಗಿಟ್ಟೆ."

'ಹೇಳು... ಈಗಲೇ ಹೇಳು!' ಎಂದಿತು ಅವಳ ಮನಸ್ಸು. ನಾಲಿಗೆ ಏಳಲಿಲ್ಲ. ಮೂರು ಉಸಿರಿನ ಹೊತ್ತು, ಅಷ್ಟೇ. ಅಷ್ಟರಲ್ಲಿ ದೊಡ್ಡಮ್ಮ ಸೊಂಟದಿಂದ ಕೀಲಿಕೈ ಬಿಚ್ಚಿ ಅವಳ ಅಂಗೈಯಲ್ಲಿಟ್ಟಿದ್ದಳು.

"ನೀನು ಬೇಡ ಅಂದಿದ್ಯಲ್ಲ, ಅಷ್ಟು ಸಾಕು ಪುಟ್ಟಿ. ಮತ್ತೆ ನೀನಪ್ಪಾ, ಎರಡು ತಿಂಗಳು ಗೂಡಿನ ಹತ್ರ ಸುಳೀಬೇಡ. ನೆಲ ಒರೆಸು."

ಅವನು ನೆಲ ಒರೆಸಿದ. ದಿನಾ ಒರೆಸಿದ. ಕೇಳದೆಯೇ ಅವಳ ಮಣ್ಣು ನಾದಿಟ್ಟ. ಬಣ್ಣದ ಪುಡಿಗಳನ್ನು ಸಣ್ಣ ತಕ್ಕಡಿಯಲ್ಲಿ ಕೂದಲೆಳೆಯಷ್ಟೂ ತಪ್ಪದೆ ತೂಗಿಟ್ಟ. ದೊಡ್ಡಮ್ಮ ಅವನಿಗೆ 'ತಕ್ಕಡಿ' ಎಂದೇ ಹೆಸರಿಟ್ಟಳು. ಅವನು ನಕ್ಕರೆ ಮಣ್ಣಿನ ಧೂಳಿನಲ್ಲಿ ಕೆನ್ನೆ ಮೇಲೆ ಎರಡು ಗೆರೆ ಮೂಡುತ್ತಿದ್ದವು. ಅದನ್ನು ತಾನು ನೋಡುತ್ತಿಲ್ಲವೆಂದು ಅವಳು ದಿನಕ್ಕೆ ಹತ್ತು ಸಲ ತನಗೇ ಹೇಳಿಕೊಂಡಳು.

ಅವನ ಒಂದೊಂದು ಉಪಕಾರವೂ ಮುಳ್ಳಾಗಿತ್ತು. 'ಕರುಣೆ ತೋರಿಸ್ತಿದ್ದಾನಾ? ಜೀವನಪೂರ್ತಿ ನನ್ನನ್ನ ಕೃತಜ್ಞಳಾಗಿ ಇಟ್ಕೊಳ್ಳೋ ಆಲೋಚನೆಯಾ?'

ಸೊಂಟದ ಕೀಲಿಕೈ ನಡೆದಾಗೆಲ್ಲ ಕಿಣಿಕಿಣಿ ಎನ್ನುತ್ತಿತ್ತು. ಆರು ವರ್ಷ ಆಸೆಪಟ್ಟ ಸದ್ದು! ಅವನ ಎದುರು ಹಾದುಹೋಗುವಾಗ ಮಾತ್ರ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

ಹನ್ನೊಂದನೆಯ ದಿನ, ಹೊಸದಾಗಿ ಗೂಡು ತುಂಬಬೇಕು. ಅವನು ಪೊರಕೆ ಹಿಡಿದು ಗೋಡೆಗೆ ಸರಿದು ನಿಂತ. ಆ ಸರಿದು ನಿಂತದ್ದೇ ಅವಳಿಗೆ ತಡೆಯಲಾಗಲಿಲ್ಲ.

"ದೊಡ್ಡಮ್ಮಾ! ಒಡೆದದ್ದು ನನ್ನ ಹೂಜಿ."

ಅವನು ಪೊರಕೆ ಬಿಟ್ಟು ಮುಂದೆ ಬಂದ. "ಇವರು ಸುಮ್ನೆ..."

"ನೀವು ಬಾಯಿ ಮುಚ್ಕೊಳ್ಳಿ! ಹಸಿ ಇದೆ ಅಂತ ಹೇಳಿದ್ದು ಇವರು, ಕೇಳದೆ ಇಟ್ಟಿದ್ದು ನಾನು. ಕನ್ನಡಿ ಮಸುಕಾಗಿದ್ರೂ ಉರಿ ಏರಿಸಿದ್ದು ನಾನು. ಇವರ ಹನ್ನೊಂದು ಬಟ್ಟಲು ಹಾಳಾಗಿದ್ದೂ ನನ್ನಿಂದ. ನೀವು ಕೇಳಿದಾಗ ಬಾಯಿಗೆ ಬೀಗ ಹಾಕ್ಕೊಂಡಿದ್ದೂ ನಾನೇ."

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಇಬ್ಬರನ್ನೂ ಒಡಕು ಹುಡುಕುವವಳಂತೆ ನೋಡಿದಳು.

"ಚೆನ್ನಾಗಿದೆ. ಒಬ್ಬಳು ಹಸಿ ಹೂಜಿ ಇಟ್ಟಳು, ಒಬ್ಬ ಹಸಿ ಸುಳ್ಳು ಹೇಳಿದ. ಕೊಡಿಲ್ಲಿ ಕೀಲಿಕೈ."

ಕೊಟ್ಟಳು. ತಲೆ ತಗ್ಗಿಸಲಿಲ್ಲ.

"ಮತ್ತೆ ಯಾವಾಗ ಕೊಡ್ತೀರಿ ಅಂತ ಕೇಳಲ್ಲ," ಎಂದಳು. "ಗಳಿಸಿಕೊಳ್ತೀನಿ."

"ಬಾಯಿಗೇನೂ ಕಮ್ಮಿಯಿಲ್ಲ," ಎಂದು ದೊಡ್ಡಮ್ಮ ತಾನೇ ಗೂಡು ತುಂಬಲು ಹೊರಟಳು.

ಹಿತ್ತಲಿನಲ್ಲಿ ಅವನು ಅವಳನ್ನು ಅಡ್ಡಗಟ್ಟಿದ.

"ಆರು ವರ್ಷ ಕಾದಿದ್ದನ್ನ ಹೀಗೆ ಬಿಸಾಡಿಬಿಟ್ರಲ್ಲ!"

"ನನ್ನ ತಪ್ಪನ್ನ ಎತ್ಕೊಂಡು ಹೋಗೋಕೆ ನಿಮಗ್ಯಾರು ಹೇಳಿದ್ರು? ಕರುಣೆನಾ?"

"ಕರುಣೆ?" ಅವನ ದನಿ ಮೊದಲ ಸಲ ಏರಿತು. "ಹಸಿ ಅಂತ ಗೊತ್ತಿದ್ದೂ ಬಾಗಿಲಿಗೆ ಹೆಗಲು ಕೊಟ್ಟೋನು ನಾನು! ಕನ್ನಡಿ ನೋಡಿಯೂ ಸುಮ್ನಿದ್ದೋನು ನಾನು! ಇನ್ನೊಂದು ಮಾತು ಆಡಿದ್ರೆ ನೀವು ಮತ್ತೆ ನನ್ನ ಮುಖ ನೋಡಲ್ವೇನೋ ಅಂತ... ನೋಡಿದ ಮೊದಲ ದಿನವೇ ಆ ಭಯ ಹತ್ತಿಬಿಡ್ತು. ಸುಳ್ಳು ಹೇಳಿದ್ದೂ ಅದೇ ಭಯಕ್ಕೆ."

ಅವಳು ಅವನನ್ನೇ ನೋಡಿದಳು. 'ಇಷ್ಟು ದಿನ ಕರುಣೆ ಅಂದುಕೊಂಡಿದ್ದು... ಇದಾ?' ಎದೆಯೊಳಗೆ ಏನೋ ಹಬೆಯಾಡಿತು.

"ಕೇಳಿ," ಎಂದಳು. ಸಿಟ್ಟು ಇನ್ನೂ ಆರಿರಲಿಲ್ಲ, ಆರಬೇಕೆಂಬ ಆತುರವೂ ಇರಲಿಲ್ಲ. "ಸುಳ್ಳು ಹೇಳಿ ಕಾಪಾಡೋ ಗಂಡಸು ನನಗೆ ಬೇಡ. ನಿಜ ಹೇಳಿ ಜಗಳಕ್ಕೆ ನಿಲ್ಲೋನು ಬೇಕು. ಆಗುತ್ತಾ?"

"ಅಭ್ಯಾಸ ಇಲ್ಲ..."

"ಕಲಿ."

ಆ 'ಕಲಿ' ಕೇಳಿ ಅವನ ಧೂಳುಕೆನ್ನೆಯಲ್ಲಿ ಎರಡು ಗೆರೆ ಮೂಡಿದವು. ಈ ಸಲ ಅವಳು, ತಾನು ನೋಡುತ್ತಿದ್ದೇನೆಂದು ಒಪ್ಪಿಕೊಂಡೇ ನೋಡಿದಳು.

ಮುಂದಿನ ತಿಂಗಳು ಅವಳು ಇನ್ನೊಂದು ಹೂಜಿ ಮಾಡಿದಳು, ಮೊದಲಿನದಕ್ಕಿಂತ ದೊಡ್ಡದು. ಒಂಬತ್ತು ದಿನ ನೆರಳಿನಲ್ಲಿಟ್ಟು, ಹತ್ತನೆಯ ಬೆಳಿಗ್ಗೆ ಎತ್ತಿ ಅವನ ಕೆನ್ನೆಗೆ ಹಿಡಿದಳು. ಕೀಲಿಕೈ ದೊಡ್ಡಮ್ಮನ ಸೊಂಟದಲ್ಲೇ ಇತ್ತು.

"ಹೇಳು. ನಿಜ ಹೇಳು."

ಅವನು ಕಣ್ಣು ಮುಚ್ಚಿದ. "ತಣ್ಣಗಿದೆ."

"ಹತ್ತು ದಿನ ಆಯ್ತೋ, ತಕ್ಕಡಿ!"

"ನೂರು ದಿನ ಆಗ್ಲಿ. ತಣ್ಣಗಿದೆ. ಇವತ್ತು ಗೂಡಲ್ಲಿಡೋಕೆ ನಾನು ಬಿಡಲ್ಲ. ಬೇಕಾದ್ರೆ ಬೈಯಿ."

ಅವಳು ಬೈದಳು. ಆಮೇಲೆ ತನ್ನ ಕೆನ್ನೆಗೂ ಒತ್ತಿ ನೋಡಿ, ಹೂಜಿಯನ್ನು ಮರಳಿ ನೆರಳಿನಲ್ಲಿಟ್ಟಳು. ಕೈ ಒರೆಸಿಕೊಂಡಳು. ಹತ್ತಿರ ಬಂದು, ಅವನ ಕೆನ್ನೆಗೆ ತನ್ನ ಕೆನ್ನೆ ತಾಗಿಸಿದಳು.

"ಇದು?"

ಅವನು ಮತ್ತೆ ಕಣ್ಣು ಮುಚ್ಚಿದ.

"ಇದು... ಬೆಚ್ಚಗಿದೆ."

"ನಿಜ ತಾನೇ?"

"ನಿಜ. ಬೇಕಾದ್ರೆ ಜಗಳಕ್ಕೆ ನಿಲ್ತೀನಿ."